ಹಾಡದೆ ಉಳಿದ ಗಾಲಿಗಳು

“ಯಾವ ಪುಣ್ಯಾತ್ಮರ ಕೈಯಪ್ಪಾ ನಿನ್ನನ್ನ ಮಾಡಿದ್ದು?”

ಒರ್ನೆಲ್ಲಾ ಕೇಳಿದ್ದು ಯಾರನ್ನೂ ಅಲ್ಲ. ಅವಳ ಎದುರಿಗಿದ್ದದ್ದು ಒಂದು ಪಾರ್ಮಿಜಾನೊ ಚೀಸಿನ ಗಾಲಿ, ಬಂಡಿಚಕ್ರದ ಹಾಗೆ ದುಂಡಗೆ ಮಾಡಿದ ಗಟ್ಟಿ ಚೀಸ್. ಬಲಗೈಯಲ್ಲಿ ಪುಟ್ಟ ಸುತ್ತಿಗೆ, ಎಡ ಅಂಗೈ ಗಾಲಿಯ ಬೆನ್ನ ಮೇಲೆ. ಆಚೆಗೂ ಈಚೆಗೂ ನೆಲದಿಂದ ಸೂರಿನವರೆಗೆ ಮರದ ಅಟ್ಟಣೆಗಳು. ಅವುಗಳ ತುಂಬ ಹೊನ್ನಿನ ಬಣ್ಣದ ಗಾಲಿಗಳು, ಸಾಲು ಸಾಲಾಗಿ, ಉಸಿರು ಬಿಗಿಹಿಡಿದು ಕೂತ ಹಾಗೆ.

ಇನ್ನೊಮ್ಮೆ ಮೆಲ್ಲಗೆ ತಟ್ಟಿದಳು. ಕಣ್ಣು ಮುಚ್ಚಿದಳು.

ಅಂಚಿನಿಂದ ನಡುವಿನವರೆಗೆ ಎಲ್ಲೂ ಒಡೆಯದ, ಎಲ್ಲೂ ತೊದಲದ ಒಂದೇ ತುಂಬು ದನಿ! ಅವಳ ಮೈ ಜುಮ್ಮೆಂದಿತು.

“ನಮ್ಮಪ್ಪನ ಕೈ!”

ಆಕಾಶವಾಣಿಯ ಹಾಗೆ ಮೇಲಿನಿಂದ ಉತ್ತರ ಬಂತು.

“ಮಾತೆ ಮರಿಯಾ!” ಎಂದು ಕಿರುಚಿದಳು ಒರ್ನೆಲ್ಲಾ. ಸುತ್ತಿಗೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಏಣಿಯ ತುದಿಯಲ್ಲಿ ನಿಂತು ಮೇಲಿನ ಸಾಲಿನ ಗಾಲಿಗಳನ್ನು ಒರೆಸುತ್ತಿದ್ದ ಒಬ್ಬ ಯುವಕ ಕೆಳಗೆ ಬಗ್ಗಿ ನೋಡಿದ.

“ಅಯ್ಯೋ, ಹೆದರ್ಬೇಡಿ, ನಾನು...”

ಅಷ್ಟರಲ್ಲಿ ಏಣಿಯೇ ಜಾರಿತು!

ಅವಳು ಓಡಿ ಬರುವಷ್ಟರಲ್ಲಿ ಅವನು ಕಲ್ಲುನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಮುಖ ಸುಣ್ಣದಷ್ಟು ಬಿಳಿ.

“ಗಾಲಿ ಬಿತ್ತಾ?” ಎಂದ.

“ಗಾಲಿ ಅಲ್ಲ, ನೀವು ಬಿದ್ರಿ!”

“ನಾನು ಬಿದ್ದದ್ದು ನನಗೆ ಗೊತ್ತಾಯ್ತು. ಗಾಲಿ ಬಿತ್ತಾ ಅಂತ ಕೇಳ್ದೆ.”

“ಇಲ್ಲ...”

“ಸದ್ಯ,” ಎಂದವನೇ ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ. ಆಮೇಲೆ ನೋವಿಗೆ ಕಣ್ಣು ಮುಚ್ಚಿದ.

ಅವನು ಲೆಯಾರ್ಕೊ. ರೆಜ್ಜೊ ಪಟ್ಟಣದ ಮೇಲಿನ ಗುಡ್ಡದಲ್ಲಿ ಹಾಲಿನ ಸಂಘದವರ ಆ ಚಿಕ್ಕ ಡೇರಿಗೆ ಅವನಪ್ಪ ಪ್ರೀಮೊ ನಲವತ್ತು ವರ್ಷದಿಂದ ಚೀಸ್ ಮಾಡುವ ಮೇಸ್ತ್ರಿ. ಮಗ ಅಪ್ಪನ ಪಕ್ಕದಲ್ಲಿ ನಿಂತು ಕೆಲಸ ಕಲಿತವನು. ಒರ್ನೆಲ್ಲಾ ಚೀಸಿನ ಗುಣ ನೋಡಿ ಮುದ್ರೆ ಕೊಡುವ ಮಂಡಳಿಯ ಕಡೆಯಿಂದ ಬರುವವಳು. ವರ್ಷ ತುಂಬಿದ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ, ದನಿ ಕೇಳಿ, ಇದು ನಿಜವಾದದ್ದು, ಇದಲ್ಲ ಎಂದು ಹೇಳುವುದು ಅವಳ ಕೆಲಸ. ಅದು ಅವಳ ಅಜ್ಜ ಅದೆಲ್ಮೊನಿಂದ ಬಂದ ವಿದ್ಯೆ. ಆ ಡೇರಿಗೆ ಅದೇ ಅವಳ ಮೊದಲ ದಿನ, ನವೆಂಬರಿನ ಸಂತ ಮಾರ್ಟಿನೊ ಹಬ್ಬ.

ಭುಜದ ಮೂಳೆ ಮುರಿದಿತ್ತು. ಮೂರು ದಿನ ಆಸ್ಪತ್ರೆ ಎಂದರು.

*

ಮೂರು ದಿನವೂ ಒರ್ನೆಲ್ಲಾ ಆಸ್ಪತ್ರೆಗೆ ಹೋದಳು. ಸೊಪ್ಪು, ಚೀಸಿನ ಹೂರಣ ತುಂಬಿದ ತೊರ್ತೆಲ್ಲಿ ಕಡುಬನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋದಳು. ತಪ್ಪು ನನ್ನದೇ ಅಲ್ಲವೇ? ಸುಮ್ಮನೆ ತಟ್ಟಿ ಹೋಗದೆ ಗಾಲಿಯ ಜೊತೆ ಮಾತಿಗೆ ಇಳಿದವಳು ನಾನೇ ಅಲ್ಲವೇ?

“ಚೀಸ್ ನಮ್ಮದಲ್ಲ,” ಎಂದ ಲೆಯಾರ್ಕೊ ಮೊದಲ ತುತ್ತಿಗೇ.

“ಮೂಳೆ ಮುರ್ಕೊಂಡ್ರೂ ನಾಲಿಗೆ ನೆಟ್ಟಗಿದೆ!”

“ನಾಲಿಗೆ ನೆಟ್ಟಗಿರೋದೇ ನಮ್ಮನೆ ಕಸುಬು.”

ನಕ್ಕರು ಇಬ್ಬರೂ. ಆದರೆ ನಗುವಿನ ನಡುವೆಯೇ ಅವನು ಮತ್ತೆ ಮತ್ತೆ ಫೋನ್ ಎತ್ತಿಕೊಳ್ಳುತ್ತಿದ್ದ. “ಅಪ್ಪಾ, ಇವತ್ತು ಹೇಗೆ ಬಂತು? ಹೆಪ್ಪಿನ ರವೆ ಸಣ್ಣಗೆ ಒಡೀತಾ? ಮತ್ತೊಂದ್ಸಲ ಕೈ ಹಾಕಿ ನೋಡಿದ್ಯಾ?”

ಆ ಕಡೆಯಿಂದ ಮುದುಕನ ಗದರಿಕೆ ಅವಳಿಗೂ ಕೇಳಿಸುತ್ತಿತ್ತು. “ನೀನು ಹುಟ್ಟೋಕ್ ಮುಂಚೆಯಿಂದ ಮಾಡ್ತಿದೀನಿ ಕಣೋ! ಚೆನ್ನಾಗೇ ಬಂತು. ಬಿದ್ಕೋ ಸುಮ್ನೆ.”

ನಲವತ್ತು ವರ್ಷದ ಮೇಸ್ತ್ರಿಗೆ ಮಗ ಯಾಕೆ ಹೀಗೆ ಪಾಠ ಹೇಳುತ್ತಿದ್ದಾನೆ ಎಂದು ಒರ್ನೆಲ್ಲಾಗೆ ವಿಚಿತ್ರ ಎನಿಸಿತು. ಕೇಳಲಿಲ್ಲ. ನಾಲ್ಕನೆಯ ದಿನ ಅವನು ಕೈಯನ್ನು ಎದೆಗೆ ಕಟ್ಟಿಸಿಕೊಂಡೇ ಡೇರಿಗೆ ಓಡಿದ.

ಹಸುಗಳಿಗೆ ಹಬ್ಬ ಗೊತ್ತಿಲ್ಲ, ಭಾನುವಾರ ಗೊತ್ತಿಲ್ಲ. ಸಂಜೆಯ ಹಾಲು, ಬೆಳಗಿನ ಹಾಲು ಎರಡೂ ತಾಮ್ರದ ಕೊಪ್ಪರಿಗೆಗೆ ಬೀಳಲೇಬೇಕು. ಅಪ್ಪ ಮಗ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ಹೆಪ್ಪೊಡೆದ ಹಾಲಿನಲ್ಲಿ ಮೊಣಕೈವರೆಗೆ ಕೈ ಇಳಿಸಿ, ರವೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು; ಮುದುಕ “ಈಗ!” ಎಂದ ಕೂಡಲೇ ಮಗ ಉರಿ ಇಳಿಸುತ್ತಿದ್ದ. ತಿಂಗಳಿಗೊಮ್ಮೆ ತಟ್ಟಲು ಬರುವ ಒರ್ನೆಲ್ಲಾಗೆ ಅದು ಪ್ರಾರ್ಥನೆಯ ಹಾಗೆ ಕಾಣುತ್ತಿತ್ತು.

ಕೆಲಸ ಮುಗಿದ ಮೇಲೆ ಡೇರಿಯ ಮಹಡಿ ಮನೆಯಲ್ಲಿ ಊಟ. ಒಲೆಯ ಮೇಲೆ ಸಂತ ಆಂತೋನಿಯೊನ ಪಟ, ಕೆಳಗೆ ಪ್ರೀಮೊನ ದರ್ಬಾರು.

“ಬಾ ಹುಡುಗಿ, ಕೂತ್ಕೋ. ಕಿವಿ ಇದೆ ಅಂತ ಬಹಳ ಮೆರೀತೀಯ. ಬಾಯಿ ಇದೆಯಾ ನೋಡೋಣ.” ತಟ್ಟೆಯಲ್ಲಿ ಸಿಪ್ಪೆ ತೆಗೆದ ಮೂರು ಚೂರು ಚೀಸ್ ಇಟ್ಟ.

“ಪಾಪ, ಊಟಕ್ಕೆ ಕರೆದು ಪರೀಕ್ಷೆ ಮಾಡ್ತೀಯಲ್ಲಪ್ಪ!” ಎಂದ ಲೆಯಾರ್ಕೊ.

“ನೀನು ಹೇಳ್ಕೊಡ್ಬೇಡ. ಈ ಕಡೆ ತಿರುಗು.”

ಒರ್ನೆಲ್ಲಾ ಮೊದಲ ಚೂರನ್ನು ಮುರಿದು ಮೂಗಿಗೆ ಹಿಡಿದಳು. ಬಾಯಿಗಿಟ್ಟಳು. ಹಲ್ಲಿಗೆ ಸಣ್ಣ ಹರಳು ಸಿಕ್ಕು ಕರಗಿತು. “ಇದು ಮೇ ತಿಂಗಳಿಂದು. ಹಸಿ ಹುಲ್ಲಿದೆ.” ಎರಡನೆಯದು... “ಇದು ಚಳಿಗಾಲದ್ದು. ಒಣಹುಲ್ಲು. ಬೆಣ್ಣೆ ಜಾಸ್ತಿ.” ಮೂರನೆಯದನ್ನು ಅಗಿದು ಮುಖ ಕಿವುಚಿದಳು.

“ಯಾಕೆ?”

“ಮೇಸ್ತ್ರಿ, ಇದು ನಮ್ಮ ಗುಡ್ಡದ್ದೇ ಅಲ್ಲ! ಉಪ್ಪು ಮುಂದೆ ಓಡಿ ಬಂತು. ಹಾಲು ಕೊನೇವರೆಗೂ ಬರಲೇ ಇಲ್ಲ.”

ಮುದುಕ ಮೇಜು ಕುಟ್ಟಿ ನಕ್ಕ. “ಅಂಗಡಿಯಿಂದ ತರಿಸಿದ್ದು! ಹೆಸರು ಮಾತ್ರ ನಮ್ಮ ಹಾಗೆ ಇಟ್ಕೊಂಡಿದೆ, ಕಳ್ಳಂದು. ಲೆಯಾರ್ಕೊ, ಆ ಶೀಶೆ ತೆಗಿ.”

ಅದು ಅಟ್ಟದ ಮರದ ಪೀಪಾಯಿಗಳಲ್ಲಿ ಮೂವತ್ತು ವರ್ಷ ಕೂತ ದ್ರಾಕ್ಷಿಯ ಕಪ್ಪು ವಿನೆಗರ್, ಲೆಯಾರ್ಕೊನ ಅಮ್ಮ ಬದುಕಿದ್ದಾಗ ಇಟ್ಟದ್ದು. ಮನೆಯವರಿಗಲ್ಲದೆ ಯಾರಿಗೂ ತೆಗೆಯುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಮೇ ತಿಂಗಳ ಚೂರಿನ ಮೇಲೆ ಒಂದೇ ಹನಿ. ಜೇನಿನಷ್ಟು ನಿಧಾನವಾಗಿ ಇಳಿಯಿತು. ಮೊದಲು ಸಿಹಿ, ಅದರ ಬೆನ್ನಿಗೆ ಹುಳಿ, ಆಮೇಲೆ ಯಾವುದು ಯಾವುದೋ ತಿಳಿಯದ ಹಾಗೆ ಎರಡೂ...

ಅವಳ ಕಣ್ಣಲ್ಲಿ ನೀರು ಬಂತು.

“ಹುಳಿ ಹೆಚ್ಚಾಯ್ತಾ?” ಲೆಯಾರ್ಕೊ ಪಿಸುಗುಟ್ಟಿದ.

“ಸುಮ್ಮನಿರು ನೀನು.”

ಅದೇ ಮೊದಲು ಅವಳು ಅವನನ್ನು ‘ನೀನು’ ಎಂದದ್ದು. ಬಿಳಿ ಬಟ್ಟಲುಗಳಲ್ಲಿ ಲಂಬ್ರೂಸ್ಕೊ ಮದ್ಯದ ಕೆಂಪು ನೊರೆ ಏರಿ ಇಳಿಯಿತು. ಮುದುಕ ಒಲೆಯ ಮೇಲಿನ ಕುದಿಯುವ ಪಾತ್ರೆಯ ಮುಚ್ಚಳವನ್ನು ಬರಿಗೈಯಲ್ಲೇ ಎತ್ತಿದ. ಲೆಯಾರ್ಕೊ ಧಡಕ್ಕನೆ ಎದ್ದು ಅದನ್ನು ಕಸಿದುಕೊಂಡ. ಒರ್ನೆಲ್ಲಾ ನೋಡಿದಳು. ಆದರೆ ಆಗ ಅವಳು ಪ್ರೀತಿಸುತ್ತಿದ್ದಳು. ಪ್ರೀತಿಸುವವರ ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ಇಳಿಯಲು ತಡವಾಗುತ್ತದೆ.

*

ಮತ್ತೆ ನವೆಂಬರ್ ಬಂತು.

ಆ ಬೆಳಿಗ್ಗೆ ಒರ್ನೆಲ್ಲಾ ಹೊಸ ಸ್ವೆಟರ್ ಹಾಕಿಕೊಂಡು ಬಂದಿದ್ದಳು. ‘ಕೆಲಸ ಮುಗಿದ ಮೇಲೆ ಒಂದು ಮಾತು ಕೇಳೋದಿದೆ’ ಎಂದು ಲೆಯಾರ್ಕೊ ಹಿಂದಿನ ವಾರ ಹೇಳಿದ್ದ. ಯಾವ ಮಾತು ಎಂದು ಅವಳಿಗೂ ಗೊತ್ತಿತ್ತು, ಗುಡ್ಡದ ಹಸುಗಳಿಗೂ ಗೊತ್ತಿತ್ತು!

ಹೋದ ವರ್ಷ ಹನ್ನೊಂದನೇ ತಾರೀಖಿಗೆ ಮಾಡಿದ ಗಾಲಿಗಳು ಹಾಡಿದವು. ಅಟ್ಟಣೆಯ ಹಲಗೆಗೆ ಸೀಮೆಸುಣ್ಣದಲ್ಲಿ ಬರೆದ ಮುಂದಿನ ತಾರೀಖು ಹನ್ನೆರಡು. ತಟ್ಟಿದಳು.

ದನಿ ಬರಲಿಲ್ಲ.

ಬಂತು, ಆದರೆ ಬಾಗಿಲು ಹಾಕಿದ ಕೋಣೆಯೊಳಗೆ ಯಾರೋ ಕೆಮ್ಮಿದ ಹಾಗೆ. ಒಳಗೆ ಎಲ್ಲೋ ಟೊಳ್ಳು. ಗಾಲಿ ಹೊರಳಿಸಿ ತಟ್ಟಿದಳು. ಪಕ್ಕದ್ದನ್ನು ತಟ್ಟಿದಳು. ಅದರ ಪಕ್ಕದ್ದನ್ನು... ಹನ್ನೆರಡು, ಹದಿಮೂರು, ಹದಿನಾಲ್ಕು. ಮೂರು ದಿನದ ಇಪ್ಪತ್ನಾಲ್ಕು ಗಾಲಿಗಳಲ್ಲಿ ಹತ್ತೊಂಬತ್ತು ಮೂಕವಾಗಿದ್ದವು.

ತಿರುಗಿದಾಗ ಲೆಯಾರ್ಕೊ ಹಿಂದೆಯೇ ನಿಂತಿದ್ದ. ಅವನ ಮುಖ ನೋಡಿದರೆ ಸಾಕಿತ್ತು. ಅವನೂ ಕೇಳಿಸಿಕೊಂಡಿದ್ದ.

“ನಾನೇ ಮಾಡಿದ್ದು,” ಎಂದ. “ರವೆ ಸರಿಯಾಗಿ ಒಡೀಲಿಲ್ಲ. ನನ್ನ ತಪ್ಪು.”

“ಲೆಯಾರ್ಕೊ... ಆ ಮೂರು ದಿನ ನೀನು ಆಸ್ಪತ್ರೆಯಲ್ಲಿದ್ದೆ. ನಾನು ನಿನ್ನ ಮಂಚದ ಪಕ್ಕದಲ್ಲೇ ಇದ್ದೆ.”

ಅವನು ಒಂದು ಹೆಜ್ಜೆ ಹತ್ತಿರ ಬಂದ.

“ಎರಡನೇ ದರ್ಜೆ ಅಂತ ಬರಿ. ಗಾಲಿ ಮೈಮೇಲೆ ಆ ದರ್ಜೆಯ ಗೆರೆ ಹಾಕಲಿ, ಪರವಾಗಿಲ್ಲ. ಅಕ್ಷರ ಕೆರೆಯೋದು ಬೇಡ ಒರ್ನೆಲ್ಲಾ. ಕೆರೆದ್ರೆ ಸಂಘದವರು ಯಾಕೆ, ಯಾರು ಅಂತ ಕೇಳ್ತಾರೆ. ಅಪ್ಪ ಇನ್ನು ಕೊಪ್ಪರಿಗೆ ಹತ್ರ ನಿಲ್ಲೋ ಹಾಗಿಲ್ಲ. ಆಮೇಲೆ ಅವರು ಬದುಕಲ್ಲ.”

ಗಾಲಿಯ ಮೈಸುತ್ತ ಚುಕ್ಕೆ ಚುಕ್ಕೆಯಾಗಿ ಮೂಡಿದ ಅಕ್ಷರಗಳು. ಹುಟ್ಟಿದ ದಿನವೇ ಅಚ್ಚಿನಲ್ಲಿ ಬಿದ್ದ ಹೆಸರು. ದನಿ ಕೆಟ್ಟ ಗಾಲಿಯ ಮೈಯಿಂದ ಅದನ್ನು ಕೆರೆದು ತೆಗೆಯುತ್ತಾರೆ. ಆಮೇಲೆ ಅದು ಯಾವ ಊರಿನದೂ ಅಲ್ಲ, ಯಾವ ಕೈಯದೂ ಅಲ್ಲ.

ಹಾಳೆಯಲ್ಲಿ ಒಂದು ಗೀಟು ಬೇರೆ ಥರ ಎಳೆದರೆ ಸಾಕು... ಅವಳಿಗೆ ಬೇಕಾಗಿದ್ದದ್ದು ಅವನೊಬ್ಬನೇ. ಆದರೆ ಕೇಳಿದ ದನಿ ಕಿವಿಯಿಂದ ಹೊರಗೆ ಹೋಗುವುದಿಲ್ಲವಲ್ಲ!

“ನನ್ನ ಕಿವಿ ಕೇಳಿಬಿಡ್ತು, ಲೆಯಾರ್ಕೊ. ಕೇಳಿದ್ದನ್ನ ಕೇಳಿಲ್ಲ ಅಂತ ಹ್ಯಾಗೆ ಬರೀಲಿ?”

“ಒಂದು ವರ್ಷ ನಮ್ಮನೇಲಿ ಉಂಡಿದೀಯ.”

ಮಾತು ಬಾಯಿಂದ ಬಿದ್ದ ಕ್ಷಣವೇ ಅವನ ಮುಖ ಬಾಡಿತು. ಆದರೆ ಬಿದ್ದಾಗಿತ್ತು.

ಒರ್ನೆಲ್ಲಾಗೆ ಒಂದೊಂದೇ ನೆನಪಾಯಿತು. ಆಸ್ಪತ್ರೆಯ ಆ ಫೋನುಗಳು... ಹಾಗಾದರೆ ಇವನಿಗೆ ಅಂದೇ ಗೊತ್ತಿತ್ತು! ವರ್ಷವಿಡೀ ಗೊತ್ತಿತ್ತು! ಈ ದಿನ ಬರುತ್ತದೆ ಎಂದು ಗೊತ್ತಿದ್ದೇ ಊಟಕ್ಕೆ ಕರೆದ, ನಗಿಸಿದ, ಅಮ್ಮನ ಶೀಶೆಯನ್ನೂ ತೆಗೆದ...

“ಅದಕ್ಕೇ ಉಣಿಸಿದ್ದಾ?” ಎಂದಳು.

ಅವನು ತುಟಿ ಬಿಚ್ಚಲಿಲ್ಲ. ಅಪ್ಪನ ಗುಟ್ಟು ಬಾಯಿ ಕಟ್ಟಿತ್ತು. ಅವಳು ಆ ಮೌನವನ್ನು ಹೌದು ಎಂದು ತಿಳಿದಳು.

ಹಾಳೆಯಲ್ಲಿ ಹತ್ತೊಂಬತ್ತು ಗುರುತು ಹಾಕಿದಳು. ಸಹಿ ಮಾಡಿದಳು. ಹೊಸ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಗುಡ್ಡ ಇಳಿದಳು.

*

“ಸೂಪಿಗೆ ಚೀಸ್ ತುರಿದು ಹಾಕಿದ್ರೂ ತಟ್ಟೆ ದೂಡ್ತೀಯಲ್ಲೇ,” ಎಂದ ಅಜ್ಜ ಅದೆಲ್ಮೊ. ಎಂಟು ದಿನದಿಂದ ಅದೇ ಮಾತು.

“ಹಸಿವಿಲ್ಲ ಅಜ್ಜ.”

“ಏನಂದೆ?”

“ಹಸಿವಿಲ್ಲ!” ಎಂದು ಕೂಗಿದಳು. ಅಜ್ಜನ ಕಿವಿ ಮಂದ. ಕಿವಿ ಮಂದವಾಗತೊಡಗಿದ ವಾರವೇ ಸುತ್ತಿಗೆಯನ್ನು ಮೊಮ್ಮಗಳ ಕೈಗಿಟ್ಟು ಕುರ್ಚಿಯಲ್ಲಿ ಕೂತವನು ಅವನು.

ಒಂಬತ್ತನೆಯ ದಿನ ಚರ್ಚಿನ ಗಂಟೆ ನಿಂತ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಪ್ರೀಮೊ ನಿಂತಿದ್ದ. ಭಾನುವಾರದ ಕೋಟು, ಕೈಯಲ್ಲಿ ಟೋಪಿ. ಒಳಗೆ ಬಂದ. ಕೂರಲಿಲ್ಲ.

“ಹುಡುಗಿ, ಆ ಗಾಲಿ ಮಾಡಿದ್ದು ನಾನು.”

“ಗೊತ್ತು ಮೇಸ್ತ್ರಿ...”

“ನಿನಗೆ ಅರ್ಧ ಗೊತ್ತು. ಇಲ್ಲಿ ಬಾ. ಈ ಬೆರಳು ಹಿಡಿ. ಹಿಂಡು. ಜೋರಾಗಿ!”

ಅವಳು ಹಿಂಡಿದಳು.

“ಏನೂ ಗೊತ್ತಾಗ್ತಿಲ್ಲ. ಐದು ವರ್ಷ ಆಯ್ತು. ಸಕ್ಕರೆ ಕಾಯಿಲೆ ತಿಂದುಹಾಕ್ತು. ಬಿಸಿ ಗೊತ್ತಾಗಲ್ಲ, ತಣ್ಣಗಿದ್ರೂ ಗೊತ್ತಾಗಲ್ಲ. ರವೆ ಯಾವುದು, ನೀರು ಯಾವುದು ಅಂತ ಗೊತ್ತಾಗಲ್ಲ. ಐದು ವರ್ಷದಿಂದ ಅವನ ಬೆರಳೇ ನನ್ನ ಬೆರಳು. ಅವನು ಮೊಣಕೈಯಿಂದ ನನ್ನ ಪಕ್ಕೆ ತಿವಿದಾಗ ನಾನು ‘ಈಗ’ ಅಂತಿದ್ದೆ. ಊರೆಲ್ಲ ಪ್ರೀಮೊನ ಕೈ, ಪ್ರೀಮೊನ ಕೈ ಅಂತಿತ್ತು...”

ಮುದುಕ ಇನ್ನೊಂದು ಕೈಯ ಟೋಪಿಯನ್ನು ಮೇಜಿನ ಮೇಲಿಟ್ಟ.

“ಆ ಮೂರು ದಿನ ತಿವಿಯೋರು ಯಾರೂ ಇರಲಿಲ್ಲ. ಹೇಗೋ ಆಗತ್ತೆ ಅಂದ್ಕೊಂಡೆ. ಚೆನ್ನಾಗಿ ಬಂತು ಅಂತ ಮಗನಿಗೆ ಸುಳ್ಳು ಹೇಳ್ದೆ. ಅವನು ನಂಬ್ದ. ಅವನು ಆ ದನಿ ಮೊದಲು ಕೇಳಿದ್ದು ನಿನ್ನ ಜೊತೇಲೇ.”

ಒರ್ನೆಲ್ಲಾ ಹಿಡಿದಿದ್ದ ಬೆರಳನ್ನು ಮೆಲ್ಲಗೆ ಬಿಟ್ಟಳು. ಅಯ್ಯೋ... ಅವನ ಬಾಯಿಗೆ ಬಂದ ಒಂದು ಕೆಟ್ಟ ಮಾತನ್ನು ಹಿಡಿದು ಅವನ ಒಂದು ವರ್ಷವನ್ನೇ ಸುಳ್ಳು ಮಾಡಿಬಿಟ್ಟೆನೇ?

“ನೀನು ಕಿವಿ ಹೋದ ಕೂಡ್ಲೆ ಸುತ್ತಿಗೆ ಇಳಿಸಿದೆ, ಅದೆಲ್ಮೊ,” ಎಂದು ಪ್ರೀಮೊ ಅಜ್ಜನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ. “ನನ್ನ ಕೈಲಿ ಆಗಲಿಲ್ಲ ಕಣೋ. ಇವತ್ತು ಸಂಘದವರ ಮುಂದೆ ನಾನೇ ಹೇಳ್ತೀನಿ. ಮಗ ಬೇಡ ಅಂತಾನೆ. ಅವನನ್ನ ಕೇಳೋರು ಯಾರು!”

ಅಜ್ಜನಿಗೆ ಎಷ್ಟು ಕೇಳಿಸಿತೋ. ಎದ್ದು ಬಟ್ಟಲಿಗೆ ಲಂಬ್ರೂಸ್ಕೊ ಬಗ್ಗಿಸಿ, ಗೆಳೆಯನ ಎರಡೂ ಅಂಗೈಯ ನಡುವೆ ಬಟ್ಟಲನ್ನು ಇಟ್ಟು, ಅವನು ಕುಡಿಯುವವರೆಗೂ ತಾನೂ ಕೈ ಆಸರೆ ಕೊಟ್ಟು ನಿಂತ.

ಆಗ ಒರ್ನೆಲ್ಲಾ ನೋಡಿದಳು. ಮುದುಕನ ಅಂಗಿಯ ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿದ್ದವು. ಅವಳು ಏನೂ ಹೇಳದೆ ಹತ್ತಿರ ಹೋಗಿ ಮೇಲಿನಿಂದ ಒಂದೊಂದನ್ನೇ ಬಿಚ್ಚಿ ಸರಿಯಾಗಿ ಹಾಕಿದಳು. ಅವನು ಮಗುವಿನ ಹಾಗೆ ಗಲ್ಲ ಎತ್ತಿ ನಿಂತಿದ್ದ.

*

ಮೂರು ದಿನದ ನಂತರ ಅವಳು ಡೇರಿಗೆ ಹೋದಾಗ ಬೆಳಗಿನ ಹಾಲು ಕೊಪ್ಪರಿಗೆಗೆ ಬಿದ್ದಾಗಿತ್ತು. ಅಂಗಳದಲ್ಲಿ ಮಂಡಳಿಯವರು ನಿಂತಿದ್ದರು. ಹತ್ತೊಂಬತ್ತು ಗಾಲಿಗಳ ಮುಂದೆ ಪ್ರೀಮೊ ತಾನೇ ಕೆರೆಯುವ ಉಳಿ ಹಿಡಿದಿದ್ದ. ಬೇರೆ ಯಾರಿಗೂ ಕೊಡಲಿಲ್ಲವಂತೆ. ಸಂಘದಲ್ಲಿ ಅವನು ಮಾತಾಡಿದಾಗ ಯಾರೂ ಕೂಗಾಡಲಿಲ್ಲ. ಹಾಲಿನವರು ಒಬ್ಬೊಬ್ಬರಾಗಿ ಟೋಪಿ ತೆಗೆದರು, ಅಷ್ಟೇ. ಅದನ್ನೇ ತನಗೆ ತಡೆಯಲಾಗಲಿಲ್ಲ ಎಂದು ಆಮೇಲೆ ಹೇಳಿಕೊಂಡ.

ಚುಕ್ಕೆ ಅಕ್ಷರಗಳು ಪುಡಿಯಾಗಿ ಅವನ ಬೂಟಿನ ಮೇಲೆ ಉದುರುತ್ತಿದ್ದವು. ಅದನ್ನು ಕಂಡು ಏನೂ ಮಾಡಲಾರದೆ, ದಾಟಿಯೂ ಹೋಗಲಾರದೆ, ಒರ್ನೆಲ್ಲಾ ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಒಳಗೆ ಕೊಪ್ಪರಿಗೆಯ ಮುಂದೆ ಲೆಯಾರ್ಕೊ ಒಬ್ಬನೇ ಇದ್ದ. ಪಕ್ಕದಲ್ಲಿ ಅಪ್ಪ ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟುಕೊಂಡೇ ನಿಂತಿದ್ದ. ಮೊಣಕೈವರೆಗೆ ಕೈ ಇಳಿಸಿ ರವೆ ಉಜ್ಜಿ ನೋಡಿದ. ಮತ್ತೊಮ್ಮೆ ನೋಡಿದ. ‘ಈಗ’ ಎನ್ನಲು ತುಟಿ ಅಲುಗಿತು. ದನಿ ಮಾತ್ರ ಬರಲಿಲ್ಲ. ಉರಿ ಇಳಿಸಿ ತಿರುಗಿದಾಗ ಅವಳು ಕಂಡಳು.

“ಬಂದ್ಯಾ...”

“ಬಂದೆ.”

“ಉಂಡಿದೀಯ ಅಂದೆನಲ್ಲ ಅವತ್ತು... ಆ ನಾಲಿಗೆ ಸುಟ್ಟುಹೋಗ್ಲಿ.”

“ನಾನು ಅಂದದ್ದೇನು ಕಮ್ಮೀನಾ? ಒಂದು ವರ್ಷ ಪೂರ್ತಿ ಸುಳ್ಳು ಅಂದ್ಬಿಟ್ಟೆ ನಿನ್ನನ್ನ. ಕ್ಷಮಿಸು.”

ಅವನು ತಲೆ ಅಲ್ಲಾಡಿಸಿದ. “ಗೊತ್ತೇ ಇರಲಿಲ್ಲ ಅಂತ ಹೇಳಲಾರೆ. ಗೊತ್ತಿರಲಿಲ್ಲ, ಆದ್ರೆ ಭಯ ಇತ್ತು. ಪ್ರತಿವಾರ ಆ ಗಾಲಿಗಳನ್ನ ಒರೆಸ್ತಿದ್ದೆ, ಹೊರಳಿಸ್ತಿದ್ದೆ. ಒಂದ್ಸಲಾನೂ ತಟ್ಟಿ ನೋಡೋಕೆ ಧೈರ್ಯ ಬರಲಿಲ್ಲ. ನೀನು ಮೇಜಿನ ಆಚೆ ಕೂತು ನಗ್ತಿದ್ರೆ ಆ ಗಾಲಿಗಳನ್ನ ಮರೆತೇಬಿಡ್ತಿದ್ದೆ. ಅಷ್ಟೇ ನನ್ನ ಕಪಟ.”

ಅವಳು ಅಳುತ್ತಲೇ ನಕ್ಕಳು. “ಅವತ್ತು ಏನೋ ಕೇಳೋದಿದೆ ಅಂದಿದ್ದೆ.”

“ಈಗ ಕೇಳಲ್ಲ.”

“ಯಾಕೆ?”

“ಕೇಳೋಕೆ ನನ್ನ ಹತ್ರ ಏನಿದೆ ಹೇಳು. ಸಂಘದವರು ಈಸ್ಟರ್‌ವರೆಗೆ ನೋಡ್ತೀವಿ ಅಂದಿದಾರೆ. ಬೇಡ ಅಂದ್ರೆ ಈ ಮನೇನೂ ಬಿಡ್ಬೇಕು. ಇಟ್ಕೊಂಡ್ರೆ ವರ್ಷಪೂರ್ತಿ ಈ ಕೊಪ್ಪರಿಗೆಗೆ ಕಟ್ಟಿಹಾಕಿದ ಮನುಷ್ಯ ನಾನು. ಅಪ್ಪಂಗೆ ಬೆಳಿಗ್ಗೆ ಗುಂಡಿ ಹಾಕ್ಬೇಕು, ಬಿಸಿ ಪಾತ್ರೆ ಕೈಗೆ ಸಿಗದ ಹಾಗೆ ಕಾಯ್ಬೇಕು. ಆ ಸ್ಪರ್ಶ ಇನ್ನು ವಾಪಸ್ ಬರಲ್ಲ ಅಂದ್ರು ಡಾಕ್ಟರು. ಇದು ಸರಿಹೋಗೋ ಕಷ್ಟ ಅಲ್ಲ ಒರ್ನೆಲ್ಲಾ. ನಿನಗಾದ್ರೆ ಬೇಕಾದಷ್ಟು ಡೇರಿಗಳಿವೆ, ಬೇಕಾದಷ್ಟು ಊರಿವೆ...”

“ನಾನು ಮಂಡಳಿಗೆ ಕಾಗದ ಬರೆದೆ.”

“ಏನಂತ?”

“ಇನ್ನು ಮುಂದೆ ಈ ಡೇರಿಗೆ ನನ್ನನ್ನ ಕಳಿಸ್ಬೇಡಿ, ಬೇರೆ ಯಾರನ್ನಾದ್ರೂ ಕಳಿಸಿ ಅಂತ.”

ಅವನ ಮುಖ ಇಳಿಯಿತು. “ಅಷ್ಟು ಬೇಜಾರಾಯ್ತಾ?”

“ದಡ್ಡ!” ಎಂದಳು. ಕೆನ್ನೆ ಒದ್ದೆಯಾಗಿತ್ತು. “ಮನೆಯವರ ಗಾಲಿ ಮನೆಯವರು ತಟ್ಟೋ ಹಾಗಿಲ್ಲ. ನಿಯಮ ಇದೆ.”

ಲೆಯಾರ್ಕೊಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಹಾಲು ತೊಟ್ಟಿಕ್ಕುವ ಎರಡೂ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತ.

“ಬೇಡ... ಇಷ್ಟು ವರ್ಷ ಕಲ್ತು ತಗೊಂಡ ಕೆಲಸ ಅದು. ನಾಳೆ ಊರವರು ಇಲ್ಲದ್ದನ್ನೆಲ್ಲ ಹೇಳ್ತಾರೆ. ನಮ್ಮ ಕಷ್ಟದೊಳಗೆ ನೀನು ಇಳೀಬೇಡ. ಕೈ ಮುಗಿದು ಕೇಳ್ಕೊತೀನಿ, ಆ ಕಾಗದ ವಾಪಸ್ ತಗೋ ಒರ್ನೆಲ್ಲಾ.”

ಅವಳು ಒಂದು ಹೆಜ್ಜೆ ಮುಂದೆ ಬಂದು ಆ ಒದ್ದೆ ಕೈಗಳನ್ನು ಹಿಡಿದುಕೊಂಡಳು.

“ತಗೊಳ್ಳಲ್ಲ.”